ಕುಂಭರಾಶಿಯ ಏಳು ಲೋಕಗಳು

ಕಾರ್ತಿಕದ ಮುನ್ನಿರುಳಿನಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿನಿಂದ ನೋಡಿದರೆ ಕುಂಭರಾಶಿಯು ನೆತ್ತಿಯ ಸಮೀಪ ಕಾಣುತ್ತದೆ. ಆ ದಿಕ್ಕಿನಲ್ಲಿ, ಸುಮಾರು 40 ಜ್ಯೋತಿರ್ವರ್ಷಗಳಾಚೆ, ಬರಿಗಣ್ಣಿಗೆ ಕಾಣದ ‘ಟ್ರ್ಯಾಪಿಸ್ಟ್-1’ ಎಂಬ ಕೆಂಪು ಕುಬ್ಜ ನಕ್ಷತ್ರವಿದೆ. ಹೆಚ್ಚುಕಡಿಮೆ ಭೂಮಿಯ ಗಾತ್ರದ ಏಳು ಗ್ರಹಗಳು ಅದನ್ನು ಸುತ್ತುತ್ತಿವೆಯೆಂದು 2017ರಲ್ಲಿ ತಿಳಿದುಬಂದಿತು. ಅವುಗಳ ‘ವರ್ಷ’ ಒಂದೂವರೆ ದಿನದಿಂದ 19 ದಿನಗಳಷ್ಟೇ!

ಗ್ರಹವು ಅಡ್ಡಬಂದಾಗ ನಕ್ಷತ್ರದ ಬೆಳಕು ತುಸು ಕುಂದುತ್ತದೆ. ಅದರಿಂದ ಗಾತ್ರ ತಿಳಿಯುತ್ತದೆ. ಗ್ರಹಗಳ ಪರಸ್ಪರ ಸೆಳೆತದಿಂದ ಅಡ್ಡಬರುವ ವೇಳೆ ಕೊಂಚ ಹಿಂದುಮುಂದಾಗುತ್ತದೆ, ಅದರಿಂದ ತೂಕ. ಇವೆರಡರಿಂದ ಸಾಂದ್ರತೆಯನ್ನು ಗಣಿಸಿ, ಏಳೂ ಬಹುಮಟ್ಟಿಗೆ ಒಂದೇ ಬಗೆಯ ಶಿಲಾಗೋಳಗಳೆಂದು 2021ರಲ್ಲಿ ವಿಜ್ಞಾನಿಗಳು ತಿಳಿಸಿದರು.

ಕುರುಹಿನಿಂದ ಅರಿವಿಗೆ ಸಾಗುವ ದಾರಿ ಶರಣರ ನಾಡಿಗೆ ಹೊಸತಲ್ಲ. ಏಳು ಲೋಕಗಳನ್ನು ತೂಗಿದ ಮೇಲೂ ನಮ್ಮ ಬಾಳಿಗೆ ತಕ್ಕ ಗಾಳಿ-ನೀರುಳ್ಳದ್ದೆಂದು ನಾವು ಬಲ್ಲ ನೆಲ ಇದೊಂದೇ. ಮಕ್ಕಳಿಗೆ ಆಕಾಶವನ್ನು ತೋರಿಸುವಾಗ ಇದನ್ನೂ ಹೇಳೋಣ.