ಪ್ರೋಟಾನು ಕಣಗಳಿಂದ ಏಡಿಗಂತಿಯ ಚಿಕಿತ್ಸೆ

ಏಡಿಗಂತಿ ಅಥವಾ ಕ್ಯಾನ್ಸರಿನ ಜೀವಕೋಶಗಳನ್ನು ವಿಕಿರಣದಿಂದ ಕೊಲ್ಲುವುದು ಸಾಧ್ಯ. ಅವುಗಳ ನೆರೆಯ ಆರೋಗ್ಯವಂತ ಕೋಶಗಳನ್ನು ಉಳಿಸುವುದೇ ಕಷ್ಟ. ಕ್ಷ-ಕಿರಣಗಳು ಚರ್ಮದಿಂದ ತುಸು ಒಳಗೆ ಅತ್ಯಧಿಕ ಶಕ್ತಿಯನ್ನು ಸುರಿದು, ಮುಂದೆ ಸಾಗಿದಂತೆ ಕ್ಷೀಣಿಸುತ್ತ, ಗಂತಿಯನ್ನೂ ದಾಟಿ ದೇಹದ ಆಚೆ ಬದಿಯಿಂದ ಹೊರಬೀಳುತ್ತವೆ. ಹಾದಿಯಲ್ಲಿರುವ ಅಂಗಗಳಿಗೂ ಪೆಟ್ಟು ತಪ್ಪದು. ಗಂತಿಯಿರುವುದು ಎಳೆಯ ಮಗುವಿನ ಮಿದುಳಿನಲ್ಲಾದರೆ, ಈ ಪೆಟ್ಟು ಅದರ ಬೆಳವಣಿಗೆಯನ್ನೂ ಕಲಿಕೆಯನ್ನೂ ಬಾಧಿಸಬಹುದು. ಬೇಕಾದ ಆಳದವರೆಗೆ ಹೋಗಿ ಅಲ್ಲಿಯೇ ನಿಲ್ಲುವ ಕಿರಣವುಂಟೆ?

ಉಂಟು. ಜಲಜನಕದ ಪರಮಾಣುಬೀಜವಾದ ಪ್ರೋಟಾನು ಅಂತಹ ಕಣ. ಎಲೆಕ್ಟ್ರಾನಿಗಿಂತ ಸುಮಾರು 1836 ಮಡಿ ಭಾರವಾದ ಈ ಕಣವು ದೇಹವನ್ನು ಹೊಕ್ಕಾಗ ದಾರಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತ ತನ್ನ ಶಕ್ತಿಯನ್ನು ವ್ಯಯಿಸುತ್ತದೆ. ಜಾತ್ರೆಯ ಬೀದಿಯಲ್ಲಿ ಓಡುವವನ ಹಣ ಖರ್ಚಾಗದು. ಮೆಲ್ಲಗೆ ನಡೆಯುವವನ ಚೀಲ ಬೇಗ ಬರಿದಾಗುತ್ತದೆ. ಪ್ರೋಟಾನಿನ ರೀತಿಯೂ ಹಾಗೆಯೇ. ವೇಗ ತಗ್ಗಿದಂತೆ ಅದು ಒಂದೊಂದು ಪರಮಾಣುವಿನ ಬಳಿ ಹೆಚ್ಚು ಕಾಲ ಇರುವುದರಿಂದ ಶಕ್ತಿವ್ಯಯವೂ ಹೆಚ್ಚುತ್ತದೆ. ವೇಗ ಅರ್ಧಕ್ಕಿಳಿದರೆ ವ್ಯಯ ಮೂರು ಮಡಿಗೂ ಮಿಗಿಲಾಗುತ್ತದೆ. ಹೀಗೆ ಉಳಿದ ಶಕ್ತಿಯ ಬಹುಭಾಗವನ್ನು ಪಯಣದ ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಚೆಲ್ಲಿ ಪ್ರೋಟಾನು ನಿಂತುಬಿಡುತ್ತದೆ. ವಿಲಿಯಂ ಬ್ರಾಗ್ ಅವರು 1904ರ ಸುಮಾರಿಗೆ ಆಸ್ಟ್ರೇಲಿಯದಲ್ಲಿ ಆಲ್ಫಾ ಕಣಗಳ ವಿಷಯದಲ್ಲಿ ಇದನ್ನು ಕಂಡುದರಿಂದ ಇದಕ್ಕೆ 'ಬ್ರಾಗ್ ಶಿಖರ'ವೆಂದು ಹೆಸರು.

ನಿಲ್ಲುವ ಆಳವನ್ನು ನಿರ್ಧರಿಸುವುದು ಕಣದ ಆರಂಭದ ಶಕ್ತಿ. 7 ಕೋಟಿ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಪ್ರೋಟಾನು ನೀರಿನಲ್ಲಿ ಸುಮಾರು 4 ಸೆಂಟಿಮೀಟರು ಹೋಗುತ್ತದೆ. 15 ಕೋಟಿಯದು ಸುಮಾರು 16 ಸೆಂಟಿಮೀಟರು. ನಮ್ಮ ದೇಹದ ಬಹುಭಾಗ ನೀರೇ ಆದುದರಿಂದ ಈ ಲೆಕ್ಕ ಉಪಯುಕ್ತ. ಬೇರೆಬೇರೆ ಶಕ್ತಿಯ ಕಣಗಳನ್ನು ಕಳುಹಿಸಿ ಶಿಖರಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿದರೆ ಗಂತಿಯ ಇಡೀ ದಪ್ಪವೂ ಆವರಿಸಲ್ಪಡುತ್ತದೆ.

1946ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಈ ಚಿಕಿತ್ಸೆಯನ್ನು ಸೂಚಿಸಿದರು. 1954ರಲ್ಲಿ ಬರ್ಕ್ಲಿಯಲ್ಲಿ ಅದನ್ನು ರೋಗಿಗಳ ಮೇಲೆ ಮೊದಲು ಪ್ರಯೋಗಿಸಲಾಯಿತು. ನಮ್ಮ ದೇಶದಲ್ಲಿ 2019ರಲ್ಲಿ ಚೆನ್ನೈಯ ಖಾಸಗಿ ಆಸ್ಪತ್ರೆಯೊಂದರಲ್ಲಿಯೂ, 2023ರಲ್ಲಿ ನವಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದಲ್ಲಿಯೂ ಇದು ಆರಂಭವಾಯಿತು.

ಆದರೆ ಇದು ಸರ್ವರೋಗಕ್ಕೂ ಮದ್ದಲ್ಲ. ಕಣಗಳಿಗೆ ವೇಗ ಕೊಡುವ ಸೈಕ್ಲೋಟ್ರಾನ್ ಮೊದಲಾದ ಯಂತ್ರಗಳು ಬಹಳ ದುಬಾರಿ. ಅನೇಕ ಗಂತಿಗಳಿಗೆ ಕ್ಷ-ಕಿರಣಗಳೇ ಸಾಕು. ಇದಲ್ಲದೆ, ನಿಂತಲ್ಲಿ ಶಕ್ತಿಯನ್ನು ಸುರಿಯುವ ಗುಣವೇ ಎಚ್ಚರಿಕೆಯನ್ನೂ ಬೇಡುತ್ತದೆ. ಉಸಿರಾಟದಿಂದ ಗಂತಿ ಕೆಲವು ಮಿಲಿಮೀಟರು ಸರಿದರೂ ಪೆಟ್ಟು ಆರೋಗ್ಯವಂತ ಭಾಗಕ್ಕೆ ಬಿದ್ದೀತು, ಗಂತಿಯ ಅಂಚು ಉಳಿದೀತು. ಆದುದರಿಂದ ಚಿಕಿತ್ಸೆಯ ಕೊಠಡಿಯಲ್ಲಿ ವೈದ್ಯನಷ್ಟೇ ಭೌತವಿಜ್ಞಾನಿಯೂ ಅಗತ್ಯ. ಭೌತಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿಯೂ ಕೆಲಸವುಂಟು.