ವಶೀಕರಣ ಬಲ್ಲವನಿಗೂ ಮಾತು ಬೇಕು

ಕೋಟೆಯ ಬಾಗಿಲಲ್ಲಿ ಕಾವಲುಗಾರ. ಒಳಗೆ ನುಗ್ಗಬೇಕಾದವನು ಮಂತ್ರವಾದಿ. ಕತ್ತಿ ಹಿರಿದರೆ ಗದ್ದಲವಾಗಿ ಇಡೀ ಪಡೆಯೇ ಎಚ್ಚೆತ್ತೀತು. ಮಂತ್ರವಾದಿ ವಶೀಕರಣ ಪ್ರಯೋಗಿಸುತ್ತಾನೆ. ಕಾವಲುಗಾರನಿಗೆ ಅವನು ಹಳೆಯ ಗೆಳೆಯನಂತೆ ಕಾಣುತ್ತಾನೆ. ಆದರೂ ಬಾಗಿಲು ತೆರೆಯುವುದಿಲ್ಲ! ಸ್ನೇಹ ಬೇರೆ, ಅಧಿಕಾರಿಯ ಆಜ್ಞೆ ಬೇರೆ.

ಇಷ್ಟೆಲ್ಲ ನಡೆಯುವುದು ಒಂದು ಮೇಜಿನ ಸುತ್ತ, ಕಾಗದ, ಪೆನ್ಸಿಲ್, ದಾಳಗಳ ನಡುವೆ. ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಹೊರಬಂತು. ಇದರಲ್ಲಿ ಒಬ್ಬ ಸೂತ್ರಧಾರನಾಗಿ ಕಥೆ ನಡೆಸುತ್ತಾನೆ, ಉಳಿದವರು ತಲಾ ಒಂದೊಂದು ಪಾತ್ರ ವಹಿಸುತ್ತಾರೆ. ಪಾತ್ರದ ಯತ್ನ ಫಲಿಸಿತೇ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಇಪ್ಪತ್ತು ಮುಖದ ದಾಳ.

ವಶೀಕರಣ ಮಂತ್ರ ಮೊದಲಿನಿಂದಲೂ ಈ ಆಟದಲ್ಲಿದೆ. 1978ರ ನಿಯಮಪುಸ್ತಕದಲ್ಲಿ ಅದಕ್ಕೊಂದು ಸ್ವಾರಸ್ಯಕರ ಕಟ್ಟುಪಾಡು ಇತ್ತು. ಮಂತ್ರಕ್ಕೆ ಸಿಕ್ಕಿದವನು ತೀರಾ ದಡ್ಡನಾದರೆ ಬಿಡಿಸಿಕೊಳ್ಳುವ ಅವಕಾಶ ಮೂರು ತಿಂಗಳಿಗೊಮ್ಮೆ, ಮಹಾ ಬುದ್ಧಿವಂತನಾದರೆ ದಿನಕ್ಕೊಮ್ಮೆ. ನಿಯಮ ಬರೆದವರಿಗೆ ಮನುಷ್ಯರ ಪರಿಚಯ ಚೆನ್ನಾಗಿಯೇ ಇತ್ತು ಎನ್ನಬೇಕು.

2000ರಲ್ಲಿ ಬಂದ ಮೂರನೆಯ ಆವೃತ್ತಿ, ಕೌಶಲ್ಯಗಳಿಗೆ ಅಂಕ ಹಂಚುವ ಪದ್ಧತಿಯನ್ನು ಆಟದ ಕೇಂದ್ರಕ್ಕೆ ತಂದಿತು. ಮನಸ್ಸನ್ನು ಆಳಹೊರಟವನ ಸಂಕಟ ಶುರುವಾಗುವುದು ಇಲ್ಲಿಯೇ. ಮಂತ್ರವಾದಿಗೆ ಪ್ರತಿ ಮಟ್ಟದಲ್ಲಿ ಸಿಗುವುದು 2 ಅಂಕ, ಜತೆಗೆ ಬುದ್ಧಿಶಕ್ತಿಗೆ ತಕ್ಕ ಹೆಚ್ಚಳ. ಸುಳ್ಳು ಹೇಳಿ ನಂಬಿಸುವುದು, ಸಂಧಾನ, ಬೆದರಿಕೆ – ಅವನಿಗೆ ಬೇಕಾದ ಇವೆಲ್ಲ ಅವನ ಕುಲವಿದ್ಯೆಯಲ್ಲ. ಕಲಿಯಬೇಕೆಂದರೆ ಒಂದು ಮೆಟ್ಟಿಲಿಗೆ ದುಪ್ಪಟ್ಟು ಅಂಕ ತೆರಬೇಕು. ನಮ್ಮವರು ಹೇಳುವ ಸಾಮ, ದಾನ, ಭೇದ, ದಂಡಗಳಲ್ಲಿ ಎಲ್ಲವನ್ನೂ ಕೊಳ್ಳಲು ಅವನ ಗಂಟು ಸಾಲದು.

ಹಾಗಾದರೆ ಯಾವುದನ್ನು ಆರಿಸಬೇಕು? ಬೆದರಿಕೆಯನ್ನು ಬಿಡಬಹುದು. ವಶವಾದವನನ್ನು ಗದರಿಸುವುದು ಕಟ್ಟಿದ ಸ್ನೇಹವನ್ನು ತಾನೇ ಕೆಡವಿದಂತೆ. ಸುಳ್ಳಿನ ಕೌಶಲ್ಯಕ್ಕೆ ಕೊಟ್ಟ ಬೆಲೆ ಮಾತ್ರ ವ್ಯರ್ಥವಾಗದು. ‘ನಿಮ್ಮ ಅಧಿಕಾರಿಯೇ ನನ್ನನ್ನು ಕರೆಸಿದ್ದಾರೆ’ ಎಂದರೆ ಕಾವಲುಗಾರನ ಕರ್ತವ್ಯಕ್ಕೂ ಭಂಗವಿಲ್ಲ. ಕೇಳುವವನಿಗೆ ನಂಬುವ ಮನಸ್ಸಿದ್ದರೆ ಅವನ ದಾಳದಿಂದ 5 ಕಳೆಯಬೇಕೆಂದು ನಿಯಮವೇ ಹೇಳುತ್ತದೆ. ಮಂತ್ರ ತಂದುಕೊಡುವುದು ಆ ಮನಸ್ಸನ್ನು, ಉಳಿದದ್ದು ಮಾತಿನ ಕೆಲಸ.

ಅನೇಕರು ಕಡೆಗಣಿಸುವ ಇನ್ನೊಂದು ಕೌಶಲ್ಯವಿದೆ: ಎದುರಿನವನ ಇಂಗಿತ ಅರಿಯುವುದು. ಇದು ಬರೀ ಸುಳ್ಳು ಹಿಡಿಯುವುದಕ್ಕಲ್ಲ. ಪಕ್ಕದಲ್ಲಿ ನಡೆಯುತ್ತಿರುವ ಜತೆಗಾರನೇ ಬೇರೊಬ್ಬನ ವಶದಲ್ಲಿದ್ದಾನೆಯೇ ಎಂಬುದನ್ನೂ ಇದರಿಂದ ಪತ್ತೆಹಚ್ಚಬಹುದು. ಅದಕ್ಕೆ ದಾಳ ಮತ್ತು ಕೌಶಲ್ಯ ಸೇರಿ 25 ಮುಟ್ಟಬೇಕು, ಸುಲಭದ ಮಾತಲ್ಲ. ಮನಸ್ಸು ಕದಿಯುವವನೇ ಕಳವಿಗೆ ಹೆಚ್ಚು ಹೆದರಬೇಕಲ್ಲವೇ?

2014ರ ಐದನೆಯ ಆವೃತ್ತಿಯಲ್ಲಿ ಅಂಕ ಹಂಚುವ ಲೆಕ್ಕಾಚಾರವಿಲ್ಲ. ಮಂತ್ರವಾದಿ ತನ್ನ ಪಟ್ಟಿಯಿಂದ ಎರಡು ಕೌಶಲ್ಯ ಆರಿಸಿಕೊಳ್ಳುತ್ತಾನೆ. ಇಂಗಿತಜ್ಞಾನ ಆ ಪಟ್ಟಿಯಲ್ಲಿದೆ, ಮನವೊಲಿಕೆ ಇಲ್ಲ. ಅದನ್ನು ಪಾತ್ರದ ಪೂರ್ವವೃತ್ತದಿಂದಲೋ ಬೇರೆ ದಾರಿಯಿಂದಲೋ ಪಡೆಯಬೇಕು. ವಶವಾದವನೊಡನೆ ಮಾತಿಗಿಳಿದಾಗ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲವೂ ಉಂಟು.

ಆದರೆ ಮಂತ್ರದ ಆಯುಷ್ಯ ಹೆಚ್ಚೆಂದರೆ ಒಂದು ಗಂಟೆ. ಅದು ಮುಗಿದೊಡನೆ ತನ್ನ ಮೇಲೆ ವಶೀಕರಣ ನಡೆದದ್ದು, ಮಾಡಿದವನು ಯಾರೆಂಬುದು ಕಾವಲುಗಾರನಿಗೆ ತಿಳಿದುಬಿಡುತ್ತದೆ. ಕೋಟೆಯಿಂದ ಹೊರಬೀಳಲು ಮಂತ್ರವಾದಿ ಬೇರೆ ಬಾಗಿಲನ್ನೇ ಹುಡುಕಿಕೊಳ್ಳಬೇಕು.