ಕೊಟ್ಟಿಗೆಯ ಮೂಲೆಯ ಜಾವಾ

ಮಾಗಡಿ ಸೀಮೆಯ ತಿಪ್ಪಸಂದ್ರದಂಥ ಊರಿನಲ್ಲಿ ತಮ್ಮ ಹಿರಿಯರ ಮನೆ ಇದ್ದರೆ, ಮುಂದಿನ ಹಬ್ಬಕ್ಕೆ ಹೋದಾಗ ಕೊಟ್ಟಿಗೆಯೊಳಗೆ ಒಮ್ಮೆ ಇಣುಕಿ ನೋಡಿ. ರಾಗಿಹುಲ್ಲಿನ ಮರೆಯಲ್ಲಿ, ಹರಿದ ಗೋಣಿತಾಟು ಹೊದ್ದು, ಹಳೆಯ ಮೋಟಾರು ಸೈಕಲ್ಲೊಂದು ನಿಂತಿರಬಹುದು. ಗುಜರಿಯವನು ತೂಕದ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಟ್ಟುವ ಮುನ್ನ ಎರಡು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ.

ಆ ಗಾಡಿ ಜಾವಾ ಅಥವಾ ಯೆಜ್ಡಿ ಆಗಿದ್ದಲ್ಲಿ ಅದು ನಮ್ಮ ನಾಡಿನದೇ ಕೂಸು. ಜಾವಾ ಎಂಬ ಹೆಸರು ಬಂದದ್ದು ಚೆಕ್ ದೇಶದಿಂದ. 1929ರಲ್ಲಿ ಜನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದಾಗ, ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಜಾವಾ ಆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ ಇದನ್ನು ಇಲ್ಲಿಯೇ ತಯಾರಿಸಿತು. 1973ರಿಂದ ಯೆಜ್ಡಿ ಎಂದು ಹೆಸರಿಟ್ಟಿತು. 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರಿನ ಹೊಸ ಗಾಡಿಗಳು 2018ರಲ್ಲಿ ಮತ್ತೆ ಬಂದವು, ನಿಜ. ಆದರೆ ಮೈಸೂರಿನ ಆ ಹಳೆಯ ಗಾಡಿಗಳ ಸಂಖ್ಯೆ ಇನ್ನು ಹೆಚ್ಚುವಂತಿಲ್ಲ. ಆದ್ದರಿಂದ ಮನೆಯಲ್ಲೇ ದುರಸ್ತಿಗೆ ಕೈಹಾಕುವವರಿಗೆ ಸೂತ್ರ ಒಂದೇ: ಹಿಂದಕ್ಕೆ ತರಲಾಗದ ಕೆಲಸವನ್ನು ಮಾಡಬೇಡಿ.

ಎಲ್ಲಕ್ಕಿಂತ ಮುಂಚೆ ಮನೆಯ ಪೆಟ್ಟಿಗೆಯಲ್ಲಿ ಗಾಡಿಯ ಆರ್.ಸಿ. ಪುಸ್ತಕವನ್ನು ಹುಡುಕಿರಿ. ಎಂಜಿನ್ನಿನ ಮೇಲೂ ಚಾಸಿಯ ಮೇಲೂ ಕೊರೆದಿರುವ ಸಂಖ್ಯೆಗಳು ಅದರಲ್ಲಿರುವುದಕ್ಕೆ ತಾಳೆಯಾಗಬೇಕು. ತುಕ್ಕು ಉಜ್ಜುವ ಭರದಲ್ಲಿ ಆ ಅಂಕಿಗಳನ್ನೇ ಉಜ್ಜಿಬಿಟ್ಟರೆ ಗಾಡಿಯ ಗುರುತೇ ಅಳಿಸಿದಂತೆ.

ಬಹುಕಾಲ ನಿಂತ ಎಂಜಿನ್ನನ್ನು ಕಂಡೊಡನೆ ಕಿಕ್ಕರ್ ತುಳಿಯುವ ಆತುರ ಬೇಡ. ಪಿಸ್ಟನ್ನಿನ ರಿಂಗುಗಳು ತುಕ್ಕಿಗೆ ಅಂಟಿಕೊಂಡಿದ್ದರೆ ಬಲವಂತಕ್ಕೆ ಮುರಿದಾವು. ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಆಮೇಲೆ ಮೆಲ್ಲಗೆ ತಿರುಗಿಸಿ ನೋಡಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರದಲ್ಲಿ, ಪೂರ್ತಿ ಹೊರತೆಗೆಯಿರಿ. ಕಾರ್ಬುರೇಟರಿನ ಸಣ್ಣ ಜೆಟ್ಟುಗಳನ್ನು ತೊಳೆದು ಊದಬೇಕೇ ಹೊರತು ತಂತಿಯಿಂದ ಚುಚ್ಚಬಾರದು. ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲಿನ ಅಳತೆ ಕೆಡುತ್ತದೆ.

ಇದು ಟೂ-ಸ್ಟ್ರೋಕ್ ಎಂಜಿನ್ನು. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಹೋಗಬೇಕು. ಹಳೆಯ ಜಾವಾಗಳಿಗೆ 25 ಪಾಲು ಪೆಟ್ರೋಲಿಗೆ ಸುಮಾರು 1 ಪಾಲು ಎಣ್ಣೆ, ಅಂದರೆ ಲೀಟರಿಗೆ 40 ಮಿಲಿಲೀಟರು. ಇದನ್ನು ಮರೆತರೆ ಪಿಸ್ಟನ್ನು ಕಾದು ಹಿಡಿದುಕೊಳ್ಳುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲುಗಳು ಒಣಗಿ ಬಿರುಕುಬಿಟ್ಟಿದ್ದರೂ ಇದೇ ಗತಿ: ಬೇಡದ ಗಾಳಿ ಒಳಗೆ ಸೇರಿ ಎಂಜಿನ್ನು ಮಿತಿಮೀರಿ ಕಾಯುತ್ತದೆ. ಸೀಲು ಬದಲಿಸುವುದನ್ನು ಮಾತ್ರ ಪಳಗಿದ ಮೆಕ್ಯಾನಿಕ್ಕಿಗೇ ಬಿಡುವುದು ಕ್ಷೇಮ.

ಇನ್ನು ಅಲಂಕಾರದ ವಿಷಯ. ನನ್ನ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹುಡುಗುತನದಲ್ಲಿ, ಸೊಗಸಾಗಿ ಕಾಣಲೆಂದು, ತಂದೆಯವರ ಗಾಡಿಯ ಹಿಂದಿನ ಮಡ್‌ಗಾರ್ಡನ್ನು ಗರಗಸದಿಂದ ಅರ್ಧಕ್ಕೆ ಕತ್ತರಿಸಿದೆ. ತಂದೆಯವರು ಬೈಯಲಿಲ್ಲ, ಕತ್ತರಿಸಿದ ತುಂಡನ್ನು ಒರೆಸಿ ಅಟ್ಟದ ಮೇಲಿಟ್ಟರು. ಅದಕ್ಕೆ ಸರಿಹೊಂದುವ ಇನ್ನೊಂದು ಮಡ್‌ಗಾರ್ಡು ನನಗೆ ಸಿಕ್ಕುವ ಹೊತ್ತಿಗೆ ಅವರು ಇರಲಿಲ್ಲ.

ಮನಸ್ಸಿನ ಮಾತು ಹಾಗಿರಲಿ, ಕಾನೂನೂ ಇದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಬಣ್ಣ ಬದಲಿಸುವುದಾದರೂ ಆರ್.ಟಿ.ಓ. ಕಚೇರಿಗೆ ತಿಳಿಸಿ ದಾಖಲೆ ತಿದ್ದಿಸಿಕೊಳ್ಳಬೇಕು. 2021ರ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಆದರೆ ಅದು ಮೂಲರೂಪದಲ್ಲೇ ಇರಬೇಕು, ಚಾಸಿ, ಎಂಜಿನ್ನುಗಳನ್ನು ಬಹಳವಾಗಿ ಮಾರ್ಪಡಿಸಿರಬಾರದು. ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ನಾನು ಗರಗಸ ಹಿಡಿದಂತೆ ಹಿಡಿದವರು ಈ ಮನ್ನಣೆಗೂ ಎರವಾದಾರು.

ಹಾಗಾದರೆ ನಮ್ಮ ಇಷ್ಟಕ್ಕೆ ಎಡೆಯೇ ಇಲ್ಲವೆ? ಇದೆ. ಸೀಟಿಗೆ ಹೊಸ ಹೊದಿಕೆ, ಹಿಡಿಗಳಿಗೆ ಹೊಸ ರಬ್ಬರು, ಪಕ್ಕಕ್ಕೊಂದು ಚರ್ಮದ ಚೀಲ: ಬೇಡವೆನಿಸಿದರೆ ಬಿಚ್ಚಿಡುವಂಥವು. ಕಳಚಿದ ಹಳೆಯ ಬಿಡಿಭಾಗಗಳನ್ನು ಚೀಟಿ ಅಂಟಿಸಿ ಡಬ್ಬಿಯಲ್ಲಿಡಿ. ಬಿಚ್ಚುವಾಗಲೇ ಚಿತ್ರ ತೆಗೆದುಕೊಳ್ಳಿ.

ಜಾವಾದಲ್ಲಿ ಗೇರು ಹಾಕುವ ಕಡ್ಡಿಯನ್ನೇ ಒಳಕ್ಕೊತ್ತಿ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಎಲ್ಲ ಮುಗಿದ ದಿನ ಅದನ್ನು ಮನೆಯ ಹಿರಿಯರ ಕೈಯಿಂದಲೇ ತಿರುಗಿಸಿಡಿಸಿ, ಆಮೇಲೆ ತಾವು ತುಳಿಯಿರಿ. ಎರಡು ಸೈಲೆನ್ಸರುಗಳಿಂದ ಆ ಹಳೆಯ ಸದ್ದು ಹೊರಟಾಗ ಅಂಗಳದಲ್ಲಿ ಯಾರ ಮುಖ ಮೊದಲು ಅರಳುತ್ತದೆಂಬುದನ್ನು ತಾವೇ ನೋಡುವಿರಿ.